ಎರಡನೇ ದುರ್ಯೋಧನ

ನಮ್ಮ ಕಡೆ ಕುರುಕ್ಷೇತ್ರ ಯುದ್ಧ ವರ್ಷಕ್ಕೆ ಎಷ್ಟು ಸಲ ನಡೆಯುತ್ತದೆಂಬುದನ್ನು ಸಾಕ್ಷಾತ್ ವ್ಯಾಸ ಮಹರ್ಷಿಗಳೇ ಗಣಪತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ಹಾಕಿದರೂ ಹೇಳಲಾರರು. ನಮ್ಮ ಕಡೆ ಎಂದರೆ ಮಂಡ್ಯ, ಮೈಸೂರು, ರಾಮನಗರ, ತುಮಕೂರು, ಹಾಸನದ ಸುತ್ತಮುತ್ತ. ಸುಗ್ಗಿ ಮುಗಿದು, ಕಬ್ಬಿನ ದುಡ್ಡು ಕೈಗೆ ಬಂದು, ಅದು ಬರುವುದು ತಡವಾದರೆ ಬಂದೇ ಬರುತ್ತದೆಂಬ ಭರವಸೆಯ ಮೇಲೆ ಸಾಲವಾದರೂ ಕೈಗೆ ಬಂದು, ಊರಹಬ್ಬ ಹತ್ತಿರವಾಯಿತೆಂದರೆ ಹದಿನೆಂಟು ಅಕ್ಷೋಹಿಣಿಯಲ್ಲಿ ಅಟ್ಟದ ಮೇಲೆ ಹಿಡಿಯುವಷ್ಟು ಸೈನ್ಯ ರಾಮಮಂದಿರದ ಮುಂದೆ ಜಮಾಯಿಸುತ್ತದೆ. ಹಾಡಿಗೊಂದು ಮಾತು, ಮಾತಿಗೊಂದು ಹಾಡು. ರಾತ್ರಿ ಒಂಬತ್ತಕ್ಕೆ ಶುರುವಾದದ್ದು ಬೆಳಗಿನ ಜಾವ ಗದಾಯುದ್ಧಕ್ಕೆ ಬಂದು ನಿಲ್ಲುತ್ತದೆ. ಪ್ರತಿ ಸಲವೂ ಪಾಂಡವರೇ ಗೆಲ್ಲುತ್ತಾರೆ. ಪ್ರತಿ ಸಲವೂ ದುರ್ಯೋಧನನ ಪಾರ್ಟು ಮಾಡಿದವನೇ ನೋಟಿನ ಹಾರ ಹಾಕಿಸಿಕೊಂಡು ಮನೆಗೆ ಹೋಗುತ್ತಾನೆ. ಇದರಲ್ಲಿ ಹೊಸದೇನಿದೆ ಎಂದು ಊರಿನಲ್ಲಿ ಯಾರಾದರೂ ಕೇಳಿದ್ದನ್ನು ನಾನು ಕಾಣೆ.

ಕೇಳಿದವನು ನನ್ನ ತಂಗಿಯ ಮಗ. ಕೇಳಿದ್ದೂ ಕುರುಕ್ಷೇತ್ರದ ವಿಚಾರವಾಗಿ ಅಲ್ಲ. ನ್ಯೂಜೆರ್ಸಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅವನು, ಬಂದಿರುವ ಸೋದರಮಾವನಿಗೆ ಸ್ವಾತಂತ್ರ್ಯ ದೇವಿಯ ದರ್ಶನ ಮಾಡಿಸಿದರೆ ಮಾತ್ರ ಸಾಲದು, ಕಲಾದೇವಿಯ ದರ್ಶನವೂ ಆಗಬೇಕೆಂಬ ಸದುದ್ದೇಶದಿಂದ ನ್ಯೂಯಾರ್ಕಿನ ಬ್ರಾಡ್‌ವೇಗೆ ಕರೆದುಕೊಂಡು ಹೋಗಿ ‘ಷಿಕಾಗೋ’ ಎಂಬ ಸಂಗೀತ ನಾಟಕ ತೋರಿಸಿದ. ಟಿಕೆಟ್ಟಿನ ಬೆಲೆ ಎಷ್ಟೆಂದು ಹೇಳದೆ ಜೇಬಿಗೆ ಸೇರಿಸಿದ್ದರಿಂದ ನಾನು ರೂಪಾಯಿಗೆ ಪರಿವರ್ತಿಸುವ ಪಾಪದಿಂದ ಪಾರಾದೆ. ಆಂಬಾಸಡರ್ ಥಿಯೇಟರ್ ಎಂಬ ಆ ಮಂದಿರ 1921ರಲ್ಲಿ ಕಟ್ಟಿದ್ದು. ಆ ಕಾಲದ ಅಮೆರಿಕನ್ನರಿಗೆ ಮಂಡಿಗಳು ಇರಲಿಲ್ಲವೆಂದು ಕಾಣುತ್ತದೆ. ನಾಟಕದುದ್ದಕ್ಕೂ ನನ್ನ ಮಂಡಿ ಮುಂದಿನ ಸೀಟಿನ ಮಹಿಳೆಯ ಬೆನ್ನಿಗೆ ತಾಕದಂತೆ ನೋಡಿಕೊಳ್ಳುವುದೇ ಒಂದು ತಪಸ್ಸಾಯಿತು. ಹೊರಗೆ ಬಂದಮೇಲೆ ಅವನು, “ಮಾವ, ಇದು ರಿವೈವಲ್ಲು. ಹಳೇ ನಾಟಕಾನ ಹೊಸದಾಗಿ ಮಾಡಿದಾರೆ. ಹೊಸದು ಏನು ಅನ್ನಿಸ್ತು?” ಎಂದ. “ಎಲ್ಲಾನೂ ಹೊಸದೇ ಕಣಪ್ಪ, ನಾನು ಹಳೇದು ನೋಡಿಲ್ವಲ್ಲ” ಎಂದೆ. ಅವನು ನಕ್ಕ. ನಾನು ತಮಾಷೆ ಮಾಡಿರಲಿಲ್ಲ.

ಆ ನಾಟಕದ ಜಾತಕ ಸ್ವಾರಸ್ಯವಾಗಿದೆ. ಮೂಲದಲ್ಲಿ ಅದು ಹಾಡಿಲ್ಲದ ನಾಟಕ. ಷಿಕಾಗೋ ನಗರದ ಪತ್ರಿಕೆಯೊಂದರಲ್ಲಿ ಕೊಲೆ ಮೊಕದ್ದಮೆಗಳ ವರದಿ ಮಾಡುತ್ತಿದ್ದ ಮೊರೀನ್ ವಾಟ್ಕಿನ್ಸ್ ಎಂಬಾಕೆ 1926ರಲ್ಲಿ ಬರೆದದ್ದು. ಕೊಂದವಳು ಕೋರ್ಟಿಗೆ ಬರುವಷ್ಟರಲ್ಲಿ ತಾರೆಯಾಗಿಬಿಡುವ ಕಥೆ. ಅದಕ್ಕೆ ಹಾಡು, ಕುಣಿತ ಸೇರಿಸಿ 1975ರಲ್ಲಿ ಬಾಬ್ ಫಾಸಿ ಆಡಿಸಿದ. 936 ಆಟ ಆಯಿತು, ಚೆನ್ನಾಗಿಯೇ ಹೋಯಿತು. ಆದರೆ ಮನುಷ್ಯರನ್ನು ಇಷ್ಟು ಹಗುರವಾಗಿ ಕಾಣಬಾರದಿತ್ತೆಂದು ಗೊಣಗಿದವರೂ ಇದ್ದರು. 1996ರಲ್ಲಿ ಅದನ್ನೇ ಮತ್ತೆ ಎತ್ತಿಕೊಂಡು, ಸೀನು ಸೀನರಿ ಎಲ್ಲ ಕಿತ್ತುಹಾಕಿ, ವಾದ್ಯದವರನ್ನು ರಂಗದ ನಟ್ಟನಡುವೆ ಕೂರಿಸಿ, ಎಲ್ಲರಿಗೂ ಕಪ್ಪು ಬಟ್ಟೆ ತೊಡಿಸಿ ನಿಲ್ಲಿಸಿದರು. ಅಷ್ಟು ಹೊತ್ತಿಗೆ ಓ.ಜೆ. ಸಿಂಪ್ಸನ್ ಮೊಕದ್ದಮೆಯನ್ನು ತಿಂಗಳುಗಟ್ಟಲೆ ಟಿ.ವಿ.ಯಲ್ಲಿ ನೋಡಿ ಮುಗಿಸಿದ್ದ ಜನಕ್ಕೆ ಇದರಲ್ಲಿ ಉತ್ಪ್ರೇಕ್ಷೆ ಎಳ್ಳಷ್ಟೂ ಕಾಣಲಿಲ್ಲ. ಆ ಪುನರವತಾರ ಇನ್ನೂ ನಿಂತಿಲ್ಲ. ಹತ್ತು ಸಾವಿರ ಆಟ ಎಂದೋ ದಾಟಿತು.

ಈಗ ನೋಡಿ ತೊಡಕು. ಮೂಲ ನಾಟಕ ಬಾಳಿದ್ದು ಎರಡು ವರ್ಷ ಚಿಲ್ಲರೆ. ಅದರ ಜೀರ್ಣೋದ್ಧಾರ ಬಾಳುತ್ತಿರುವುದು ಕಾಲು ಶತಮಾನಕ್ಕೂ ಮೇಲೆ. 1996ರಲ್ಲಿ ಹೊಸದಾಗಿದ್ದ ಕಪ್ಪು ಬಟ್ಟೆ ಇವತ್ತು ಮಡಿಬಟ್ಟೆಯಾಗಿದೆ. ಅದರ ಒಂದು ಗುಂಡಿ ಬದಲಾಯಿಸಿದರೂ ಶಾಸ್ತ್ರ ತಪ್ಪಿತೆನ್ನುವ ಭಕ್ತರಿದ್ದಾರೆ. ಉದ್ಧಾರವಾದದ್ದೇ ಜೀರ್ಣವಾದರೆ ಅದಕ್ಕೆ ಮಾಡಬೇಕಾದ ಸಂಸ್ಕಾರ ಯಾವುದೆಂದು ಯಾವ ಆಗಮದಲ್ಲೂ ಹೇಳಿಲ್ಲ. ಹಾಗಾಗಿ ನಾಟಕದ ಮಾಲೀಕರು ಸುಲಭದ ದಾರಿ ಹಿಡಿದಿದ್ದಾರೆ: ಬೇರೇನನ್ನೂ ಮುಟ್ಟದೆ ಆಗಾಗ ನಾಯಕಿಯನ್ನು ಬದಲಾಯಿಸುತ್ತಾರೆ. ಸಿನಿಮಾ, ಟಿ.ವಿ.ಯಲ್ಲಿ ಹೆಸರಾದವರನ್ನು ಕೆಲವು ವಾರಗಳ ಮಟ್ಟಿಗೆ ತಂದು ರಾಕ್ಸಿ ಎಂಬ ಆ ಕೊಲೆಗಾತಿಯ ಪಾರ್ಟು ಕೊಡುತ್ತಾರೆ. ಬ್ರೂಕ್ ಶೀಲ್ಡ್ಸ್ ಮಾಡಿದ್ದಾಳೆ. 2022ರಲ್ಲಿ ಪಮೇಲಾ ಆಂಡರ್ಸನ್ ಮಾಡಿದಳು. ಜನ ನಾಟಕ ನೋಡಲು ಹೋಗುವುದಿಲ್ಲ, ಅವಳು ಹೇಗೆ ಮಾಡುತ್ತಾಳೆ ನೋಡೋಣವೆಂದು ಹೋಗುತ್ತಾರೆ. ಇದನ್ನು ತಂಗಿಯ ಮಗ ಅಮೆರಿಕದ ಮಹಾ ವ್ಯಾಪಾರ ತಂತ್ರವೆಂದು ವಿವರಿಸುತ್ತಿದ್ದಾಗ ನಾನು ಒಳಗೊಳಗೇ ನಗುತ್ತಿದ್ದೆ. ಯಾಕೆಂದರೆ ಈ ತಂತ್ರವನ್ನು ನಮ್ಮೂರಿನವರು ಎಷ್ಟೋ ಕಾಲದ ಹಿಂದೆ ಕಂಡುಹಿಡಿದು, ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅಲ್ಲಿ ತಾರೆಗೆ ದುಡ್ಡು ಕೊಟ್ಟು ಪಾರ್ಟು ಮಾಡಿಸುತ್ತಾರೆ. ನಮ್ಮಲ್ಲಿ ಪಾರ್ಟು ಮಾಡುವವನೇ ದುಡ್ಡು ಕೊಡುತ್ತಾನೆ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ, ಗೊತ್ತಿರುವವರು ಎಲೆಯಡಿಕೆ ಹಾಕಿಕೊಳ್ಳಬಹುದು. ಊರಿನ ಪೌರಾಣಿಕ ನಾಟಕದಲ್ಲಿ ಪಾರ್ಟಿಗೊಂದು ದರ. ಕೃಷ್ಣನಿಗೆ ಎಲ್ಲರಿಗಿಂತ ಜಾಸ್ತಿ. ದುರ್ಯೋಧನ ಅವನ ಬೆನ್ನಿಗೇ ಇರುತ್ತಾನೆ. ಕರ್ಣ, ಅರ್ಜುನ, ಭೀಮ, ಶಕುನಿಗಳಿಗೆ ಹಾಡಿನ ಲೆಕ್ಕದಲ್ಲಿ ಏರಿಳಿತ. ಧರ್ಮರಾಯನಿಗೆ ಅಷ್ಟಾಗಿ ಗಿರಾಕಿಗಳಿಲ್ಲ, ಸುಳ್ಳು ಹೇಳದವನಿಗೆ ಮಾತು ಸಹಜವಾಗಿಯೇ ಕಡಿಮೆ. ನಕುಲ ಸಹದೇವರನ್ನು ಹೈಸ್ಕೂಲು ಹುಡುಗರಿಗೆ ಹಚ್ಚುತ್ತಾರೆ. ಸ್ತ್ರೀಪಾತ್ರಗಳಿಗೆ ಮಾತ್ರ ವೃತ್ತಿ ಕಲಾವಿದೆಯರನ್ನು ಸಂಭಾವನೆ ಕೊಟ್ಟು ಕರೆಸುತ್ತಾರೆ. ಇಡೀ ರಾತ್ರಿಯಲ್ಲಿ ನಿಜವಾಗಿ ನಾಟಕ ಗೊತ್ತಿರುವವರು ಅವರೇ, ದ್ರೌಪದಿಯೇ ಎಷ್ಟೋ ಸಲ ದುಶ್ಶಾಸನನಿಗೆ ಅವನ ಮಾತನ್ನು ಪಿಸುಗುಟ್ಟಿಕೊಡಬೇಕಾಗುತ್ತದೆ. ಒಂದೇ ಪಾರ್ಟಿಗೆ ಇಬ್ಬರು ಶ್ರೀಮಂತರು ಪಟ್ಟು ಹಿಡಿದರೆ ವ್ಯಾಜ್ಯವಿಲ್ಲದ ಪರಿಹಾರವಿದೆ: ಒಂದನೇ ಕೃಷ್ಣ, ಎರಡನೇ ಕೃಷ್ಣ, ಒಂದನೇ ದುರ್ಯೋಧನ, ಎರಡನೇ ದುರ್ಯೋಧನ. ಕರಪತ್ರದಲ್ಲಿ ಇಬ್ಬರದೂ ಒಂದೇ ಅಳತೆಯ ಫೋಟೋ ಬರಬೇಕು, ಅಷ್ಟೇ. ನಡುರಾತ್ರಿ ಪರದೆ ಬಿದ್ದು ಎದ್ದಾಗ ಕೌರವ ಚಕ್ರವರ್ತಿ ಒಂದು ಅಡಿ ಕುಳ್ಳಗಾಗಿ ಎರಡರಷ್ಟು ದಪ್ಪವಾಗಿರುತ್ತಾನೆ. ಜನ ಒಂದಿಷ್ಟೂ ಕಕ್ಕಾಬಿಕ್ಕಿಯಾಗುವುದಿಲ್ಲ. ಆತ್ಮ ಒಂದೇ, ದೇಹ ಮಾತ್ರ ವಸ್ತ್ರದಂತೆ ಎಂದು ಸ್ವಲ್ಪ ಹೊತ್ತಿಗೆ ಕೃಷ್ಣನೇ ಹೇಳಲಿದ್ದಾನಲ್ಲ. ಅವನೂ ಎರಡನೆಯವನೇ.

ನನ್ನ ಚಿಕ್ಕಪ್ಪ ಬಹುಕಾಲ ನಮ್ಮೂರಿನ ದುರ್ಯೋಧನನಾಗಿದ್ದರು. ಬೆಲ್ಲದ ದುಡ್ಡು ಬಂದ ಕೂಡಲೇ ಚಿಕ್ಕಮ್ಮನ ಕಣ್ಣಿಗೆ ಬೀಳುವ ಮೊದಲೇ ಪಾರ್ಟಿನ ಮುಂಗಡ ಕಟ್ಟಿಬಿಡುತ್ತಿದ್ದರು. ಹಾರ್ಮೋನಿಯಂ ಮೇಷ್ಟ್ರು ಎರಡು ಮೂರು ತಿಂಗಳು ಊರಿನಲ್ಲೇ ಠಿಕಾಣಿ. ಊಟ ಒಂದೊಂದು ದಿನ ಒಬ್ಬೊಬ್ಬ ಪಾತ್ರಧಾರಿಯ ಮನೆಯಲ್ಲಿ. ನಮ್ಮ ಮನೆಯ ಸರದಿ ಬಂದ ದಿನ ಕೋಳಿಗೆ ಆಪತ್ತು. ರಾತ್ರಿ ರಾಮಮಂದಿರದಲ್ಲಿ ಪ್ರಾಕ್ಟೀಸು. ಕಾಲಲ್ಲಿ ತಿದಿ ಒತ್ತುವ ಆ ಎತ್ತರದ ಪೆಟ್ಟಿಗೆಯ ಮುಂದೆ ಕುಳಿತು ಮೇಷ್ಟ್ರು ಶ್ರುತಿ ಹಿಡಿದರೆ ಚಿಕ್ಕಪ್ಪ ಅದಕ್ಕಿಂತ ಅರ್ಧ ಮನೆ ಮೇಲೆ ಹತ್ತಿ ನಿಲ್ಲುತ್ತಿದ್ದರು. ತಿದ್ದಿ ತಿದ್ದಿ ಸಾಕಾದ ಮೇಷ್ಟ್ರು ಕೊನೆಗೆ ಗದ್ದೆಯ ಬದುವಿಗೆ ಹಾರಿದ ಹೋರಿಯ ಹಿಂದೆಯೇ ನೇಗಿಲು ಎತ್ತಿಕೊಂಡು ಓಡುವ ಆರಂಭಗಾರನ ಹಾಗೆ, ಚಿಕ್ಕಪ್ಪ ಹತ್ತಿದ ಮನೆಗೆ ತಾವೂ ಬೆರಳು ಸರಿಸಿ ಸುಮ್ಮನಾಗುತ್ತಿದ್ದರು. ಆ ಪಾರ್ಟಿನ ಮಟ್ಟುಗಳು ನಮ್ಮೂರಿನಲ್ಲಿ ಇವತ್ತಿಗೂ ಅರ್ಧ ಮನೆ ಮೇಲೇ ನಿಂತಿವೆ. ಪಕ್ಕದೂರಿನಿಂದ ಬಂದ ಮೇಷ್ಟ್ರು ಸರಿಯಾದ ಶ್ರುತಿಯಲ್ಲಿ ಹೇಳಿಕೊಟ್ಟರೆ ನಮ್ಮವರಿಗೆ ಅದು ಅಪಸ್ವರ.

ನನಗೂ ಒಂದು ಪಾರ್ಟು ಕೊಡಿಸಬೇಕೆಂದು ಚಿಕ್ಕಪ್ಪನಿಗೆ ಆಸೆ. ಮೇಷ್ಟ್ರು ನನ್ನ ಬಾಯಲ್ಲಿ ಸರಿಗಮ ಹೇಳಿಸಿ ನೋಡಿ, ಬಹಳ ಹೊತ್ತು ಮೌನವಾಗಿದ್ದು, ಪರದೆ ಎಳೆಯುವ ಹಗ್ಗವನ್ನು ನನ್ನ ಕೈಗೆ ಕೊಟ್ಟರು. ಅಂದಿನಿಂದ ನಾನು ಎಲ್ಲವನ್ನೂ ಪಕ್ಕದಿಂದಲೇ ನೋಡುವವನಾದೆ. ಪ್ರಬಂಧ ಬರೆಯುವುದಕ್ಕೆ ಅದಕ್ಕಿಂತ ಹೆಚ್ಚಿನ ವಿದ್ಯಾಭ್ಯಾಸ ನನಗೆ ಆಗಿಲ್ಲ.

ಆ ಜಾಗದಿಂದ ಕಂಡದ್ದು ಹೇಳುತ್ತೇನೆ. ಮುಂದಿನ ಸಾಲಿನಲ್ಲಿ ಚಾಪೆ ಹಾಸಿ, ಕಂಬಳಿ ಹೊದ್ದು, ಎಲೆಯಡಿಕೆ ಚೀಲ ಬಿಚ್ಚಿ ಕೂತಿರುತ್ತಿದ್ದ ಅಜ್ಜಿಯರಿಗೆ ನಾಟಕ ಪೂರ್ತಿ ಬಾಯಿಪಾಠ. ಓದು ಬಾರದು, ಕಂದ, ವೃತ್ತ ಎಲ್ಲ ಕಂಠಸ್ಥ. ಕೃಷ್ಣ ಒಂದು ಸಾಲು ಬಿಟ್ಟನೋ, “ನುಂಗ್ಬುಟ್ಟೆ ಕಣ್ಲಾ ಕೃಷ್ಣ, ಇನ್ನೊಂದ್ ಸಾಲೈತೆ” ಎಂದು ಚಾಪೆಯಿಂದಲೇ ಭಗವಂತನನ್ನು ತಿದ್ದುತ್ತಿದ್ದರು. ಭಗವಂತ ತಲೆಬಾಗಿ ಮತ್ತೆ ಹಿಂದಿನಿಂದ ಎತ್ತಿಕೊಳ್ಳುತ್ತಿದ್ದ. ಅವರು ಬರುತ್ತಿದ್ದುದು ಹೊಸದು ನೋಡಲಿಕ್ಕಲ್ಲ, ಎಲ್ಲ ಇದ್ದ ಹಾಗೇ ಇದೆಯೇ ಎಂದು ತಪಾಸಣೆ ಮಾಡಲಿಕ್ಕೆ. ಹೊಸದು ನುಸುಳಿದರೆ ಮೊದಲು ಪತ್ತೆ ಹಚ್ಚುತ್ತಿದ್ದವರೂ ಅವರೇ.

ಒಂದು ವರ್ಷ ಶಯನದ ಸೀನಿನಲ್ಲಿ ಹೀಗಾಯಿತು. ಯುದ್ಧಕ್ಕೆ ಸಹಾಯ ಕೇಳಲು ದುರ್ಯೋಧನ, ಅರ್ಜುನ ಇಬ್ಬರೂ ದ್ವಾರಕೆಗೆ ಬರುತ್ತಾರೆ, ಕೃಷ್ಣ ಮಲಗಿರುತ್ತಾನೆ, ದುರ್ಯೋಧನ ತಲೆಯ ಬಳಿ, ಅರ್ಜುನ ಕಾಲಿನ ಬಳಿ. ಆ ವರ್ಷದ ಕೃಷ್ಣ ಎರಡು ರಾತ್ರಿ ಆಲೆಮನೆಯಲ್ಲಿ ನಿದ್ದೆಗೆಟ್ಟು ಬಂದಿದ್ದ. ಕಪಟ ನಿದ್ರೆಗೆಂದು ಮಲಗಿದವನು ನಿಷ್ಕಪಟವಾಗಿ ನಿದ್ದೆ ಹೋದ. ಆ ಹೊತ್ತಿಗೇ ಚಿಕ್ಕಪ್ಪನ ಭಾವಮೈದುನರು ಹಾರ ಹಾಕಲು ಅಟ್ಟದ ಮೇಲೆ ಹತ್ತಿದ್ದರಿಂದ ಸ್ವಲ್ಪ ಹೊತ್ತು ಯಾರಿಗೂ ತಿಳಿಯಲಿಲ್ಲ. ಹಾರ ಮುಗಿಯಿತು, ಫೋಟೋ ಮುಗಿಯಿತು, ಅರ್ಜುನನ ಹಾಡು ಮುಗಿಯಿತು, ಕೃಷ್ಣ ಏಳಲೊಲ್ಲ. ಮೇಷ್ಟ್ರು ಪೆಟ್ಟಿಗೆಯನ್ನು ಜೋರಾಗಿ ಒತ್ತಿದರು. ತಬಲದವನು ಒಂದು ತಿಹಾಯಿ ಬಾರಿಸಿದ. ಕಡೆಗೆ ಚಿಕ್ಕಪ್ಪ, ಪುರಾಣದಲ್ಲಿ ಎಲ್ಲೂ ಇಲ್ಲದ ವಾತ್ಸಲ್ಯದಿಂದ, ಭಗವಂತನ ಕಿವಿಯ ಬಳಿ ಬಗ್ಗಿ “ಏಳಪ್ಪ, ಅರ್ಜುನ ಬಂದವ್ನೆ” ಎಂದರು. ಕೃಷ್ಣ ಗಡಬಡಿಸಿ ಎದ್ದು ಕಣ್ಣುಜ್ಜಿಕೊಳ್ಳುತ್ತ, ಎಲ್ಲಿದ್ದೇನೆಂದು ತಿಳಿಯದೆ ಎದುರಿಗಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡಿದ. ಜನ ಒನ್ಸ್ ಮೋರ್ ಎಂದು ಕೂಗಿದರು. ಎಚ್ಚರವಾದವನನ್ನು ಇನ್ನೊಮ್ಮೆ ಎಚ್ಚರಿಸುವುದು ಹೇಗೆಂದು ತಿಳಿಯದೆ ನಾನು ಪರದೆ ಎಳೆದೆ. ಅಂಥ ಕೃಷ್ಣನನ್ನು ತಾವು ಹುಟ್ಟಿದಾರಭ್ಯ ನೋಡಿಲ್ಲವೆಂದು ಅಜ್ಜಿಯರ ತೀರ್ಪು. ಇದನ್ನು ಕೇಳಿಸಿಕೊಂಡ ಮುಂದಿನ ವರ್ಷದ ಕೃಷ್ಣ, ತಾನೇನು ಕಡಿಮೆಯೆಂದು, ಆ ಸೀನಿನಲ್ಲಿ ಗೊರಕೆ ಹೊಡೆದ. ಮೈಕು ಹಿಡಿಯುವಂತೆ, ತಾಳಕ್ಕೆ ಸರಿಯಾಗಿ ಹೊಡೆದ. ಚಾಪೆಯ ಮೇಲಿಂದ ಒಬ್ಬರೂ ಮಿಸುಕಲಿಲ್ಲ.

ರಿವೈವಲ್ಲಿನಲ್ಲಿ ಹೊಸದು ಹುಡುಕುವ ಪಂಡಿತರ ಲೇಖನಗಳನ್ನು ಓದುವಾಗ ನನಗೆ ಆ ಗೊರಕೆಯೇ ನೆನಪಾಗುತ್ತದೆ. ಹಳೆಯದು ಯಾರ ಬಾಯಲ್ಲೂ ಇಲ್ಲದ ಕಡೆ ಹೊಸದನ್ನು ಗುರುತಿಸುವವರು ಯಾರು? ನ್ಯೂಯಾರ್ಕಿನಲ್ಲಿ ನಮಗೆ ಅದನ್ನು ತಿಳಿಸಲು ನಾಟಕದ ಪರಿಚಯದ ಒಂದು ಬಣ್ಣದ ಪುಸ್ತಕ ಬೇಕಾಯಿತು. ನಮ್ಮ ಅಕ್ಕಪಕ್ಕ ಕೂತಿದ್ದವರಲ್ಲಿ ಬಹುಪಾಲು ಜನ ನನ್ನ ಹಾಗೆಯೇ ನೆಂಟರ ಮನೆಗೆ ಬಂದ ಪರಸ್ಥಳದವರು; ಅವರಿಗೆ 1975 ಆದರೇನು, 1996 ಆದರೇನು. ಹೊಸತನ ಎನ್ನುವುದು ರಂಗದ ಮೇಲೆ ಇಡುವ ಸಾಮಾನಲ್ಲ, ಚಾಪೆಯ ಮೇಲೆ ಕೂತವರ ಕಿವಿಯಲ್ಲಿ ಹುಟ್ಟುವಂಥದ್ದು ಎಂದು ನಾನು ತಂಗಿಯ ಮಗನಿಗೆ ದೊಡ್ಡ ಭಾಷಣವನ್ನೇ ಮಾಡಿದೆ. ರೈಲು ಬಂದದ್ದರಿಂದ ಅದು ಅರ್ಧಕ್ಕೇ ನಿಂತಿತು.

ಹಾಗೆಂದು ರಂಗದ ಮೇಲೆ ಇಡುವ ಸಾಮಾನನ್ನು ಹೀಗಳೆಯಲಾರೆ. ಗುಬ್ಬಿ ಕಂಪನಿಯ ಊರಿನ ಕಡೆಯವನಿಗೆ ಅದು ಶೋಭಿಸುವುದಿಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಆ ಕಂಪನಿಗೆ ಗುಬ್ಬಿ ವೀರಣ್ಣನವರು ಮಾಲೀಕರಾದ ಮೇಲೆ 1934ರಲ್ಲಿ ಆಡಿದ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ, ಕುದುರೆಗಳು ರಂಗಕ್ಕೆ ಬಂದವು. ಬಿ. ಪುಟ್ಟಸ್ವಾಮಯ್ಯನವರು ಬರೆದ ನಾಟಕ. ಆ ಆನೆಗಳನ್ನು ನೋಡಿದವರ ಮೊಮ್ಮಕ್ಕಳು ಇವತ್ತಿಗೂ ತಾವೇ ನೋಡಿದ ಹಾಗೆ ವರ್ಣಿಸುತ್ತಾರೆ. ಆಮೇಲೆ ಆ ಕಥೆಯನ್ನು ಆಡುವ ಊರಿನವರ ಪಾಡು ಕೇಳಬೇಡಿ. ಆನೆ ಸಾಕುವ ತಾಕತ್ತು ಯಾರಿಗಿದೆ? ಬಾಡಿಗೆ ಸೀನರಿಯವರು ಬಟ್ಟೆಯ ಮೇಲೆ ಆನೆ ಬರೆದುಕೊಟ್ಟರು. ಗಾಳಿ ಬಂದಾಗ ಆನೆಯ ಹೊಟ್ಟೆ ಉಬ್ಬಿ ಇಳಿಯುತ್ತಿತ್ತು, ಅದು ನನಗಂತೂ ಜೀವಂತ ಆನೆಗಿಂತ ಜೀವಂತವಾಗಿ ಕಾಣುತ್ತಿತ್ತು. ಈಚೆಗೆ ಒಂದೂರಿನಲ್ಲಿ ಬಟ್ಟೆಯ ಬದಲು ಎಲ್‌ಇಡಿ ಪರದೆ ತಂದಿದ್ದರು. ಆನೆಗಳು ಹಿಂಡುಹಿಂಡಾಗಿ ಓಡಿ ಬಂದವು, ಧೂಳೆದ್ದಿತು. ನಡುವೆ ಕಂಪ್ಯೂಟರಿನ ಪುಟ್ಟ ಬಿಳಿಯ ಬಾಣವೊಂದು ಭೀಷ್ಮರ ಮೂಗಿನ ಪಕ್ಕದಲ್ಲಿ ನಿಂತೇಬಿಟ್ಟಿತ್ತು. ಅದು ಯಾರ ಬತ್ತಳಿಕೆಯದೂ ಅಲ್ಲ. ಶರಶಯ್ಯೆಯಲ್ಲಿ ಮಲಗಿದ ಪಿತಾಮಹರು ಪ್ರಾಣ ಬಿಡುವವರೆಗೂ ಯಾರೂ ಅದನ್ನು ಕೀಳಲಿಲ್ಲ.

ವಾದ್ಯದ ಕಥೆಯೂ ಎಲ್ಲ ಕಡೆ ಒಂದೇ. ಲಂಡನ್ನಿನಲ್ಲಿ 1986ರಿಂದ ನಡೆಯುತ್ತಿದ್ದ ‘ಫ್ಯಾಂಟಮ್ ಆಫ್ ದಿ ಆಪೆರಾ’ ಕೊರೋನಾದಲ್ಲಿ ನಿಂತು 2021ರಲ್ಲಿ ಮತ್ತೆ ಬಾಗಿಲು ತೆರೆದಾಗ, 27 ಜನ ವಾದ್ಯಗಾರರಿದ್ದ ಕಡೆ 14 ಜನ ಕೂತಿದ್ದರು. ಹೊಸ ಮೆರುಗಿನೊಂದಿಗೆ ಎಂಬ ಜಾಹೀರಾತಿನ ಕೆಳಗೆ ಎಷ್ಟು ಜನರ ಅನ್ನ ಅಡಗಿರುತ್ತದೋ! ನಮ್ಮಲ್ಲಿ ಅಂಥ ಲೆಕ್ಕಾಚಾರವೂ ನಡೆಯಲಿಲ್ಲ. ಕಾಲುಪೆಟ್ಟಿಗೆ ಇದ್ದ ಕಡೆ ಸದ್ದಿಲ್ಲದೆ ಕ್ಯಾಸಿಯೋ ಬಂದು ಕೂತಿತು. ಅದರಲ್ಲಿ ಶಂಖ, ಗುಡುಗು, ಕುದುರೆಯ ಖುರಪುಟ ಎಲ್ಲಕ್ಕೂ ಒಂದೊಂದು ಗುಂಡಿ. ಒಬ್ಬನೇ ಮನುಷ್ಯ ಹದಿನೆಂಟು ದಿನದ ಯುದ್ಧದ ಸದ್ದನ್ನೆಲ್ಲ ತೋರುಬೆರಳಿನಲ್ಲಿ ಮುಗಿಸುತ್ತಾನೆ. ಮೈಕು ಬಂದಮೇಲೆ ಕಿರುಚಿ ಹಾಡುವ ಅಗತ್ಯವೂ ಹೋಯಿತು. ಆದರೆ ಕೊನೆಯ ಸಾಲಿಗೆ ಕೇಳಲೆಂದು ಅಜ್ಜನ ಕಾಲದಲ್ಲಿ ಏರಿಸಿದ್ದ ಶ್ರುತಿಯನ್ನು ಇಳಿಸಲು ಮೊಮ್ಮಗನಿಗೆ ಮನಸ್ಸಿಲ್ಲ. ಮೈಕೂ ಇರಲಿ, ಕಿರುಚಾಟವೂ ಇರಲಿ ಎಂಬ ಸಮನ್ವಯ ದೃಷ್ಟಿ.

ಆ ಹಾಡುಗಳಾದರೂ ಎಲ್ಲಿಯವು? ನಮ್ಮ ರಂಗಗೀತೆಗಳನ್ನು ಶುದ್ಧವಾಗಿ ಉಳಿಸಬೇಕೆಂದು ಸಭೆಗಳಲ್ಲಿ ಕಣ್ಣೀರು ಹಾಕುವವರನ್ನು ಕಂಡಾಗ ಸುಮ್ಮನೆ ಕೂರಲು ನಾನು ಕಲಿತಿದ್ದೇನೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಪಾರ್ಸಿ ಕಂಪನಿಗಳು ಮೈಸೂರಿಗೆ ಬಂದು ಹೋದವಲ್ಲ, ಅವು ಬಿಟ್ಟುಹೋದ ಮಟ್ಟುಗಳಿಗೆ ನಮ್ಮ ಕವಿಗಳು ಕನ್ನಡದ ಪದ ಕೂರಿಸಿದರು. ಮರಾಠಿ ನಾಟಕದ ಮಟ್ಟೂ ಬಂತು, ಅದಾದ ಮೇಲೆ ಹಿಂದಿ ಸಿನಿಮಾದ್ದು. ಶುದ್ಧ ಎಂದು ಮುಚ್ಚಿಟ್ಟದ್ದೆಲ್ಲ ಒಂದು ಕಾಲದ ಬೆರಕೆ. ಆರ್. ಪರಮಶಿವನ್ ಅವರು ಕಾಲುಪೆಟ್ಟಿಗೆ ನುಡಿಸುತ್ತ ಹಳೆಯ ಹಾಡು ಹಾಡಿದ್ದನ್ನು ಕೇಳಿದವರಿಗೆ ಇದರಲ್ಲಿ ದುಃಖಪಡುವುದೇನೂ ಕಾಣುವುದಿಲ್ಲ. ಹಾಡು ಎಲ್ಲಿಂದ ಬಂದರೂ ಅವರ ಗಂಟಲಿಗೆ ಬರುವಷ್ಟರಲ್ಲಿ ಅದಕ್ಕೆ ಇಲ್ಲಿಯ ರೇಷನ್ ಕಾರ್ಡು ಸಿಕ್ಕಿರುತ್ತಿತ್ತು.

ಹುಡುಗನಾಗಿದ್ದಾಗ ಮನೆ ಬಿಟ್ಟು ಓಡಿಬಂದು ಗುಬ್ಬಿ ಕಂಪನಿ ಸೇರಿದ ಬಿ.ವಿ. ಕಾರಂತರು ಮುಂದೆ ಕಂಪನಿ ನಾಟಕದ ಗಾಳಿಯೇ ಇಲ್ಲದ ಹವ್ಯಾಸಿಗಳ ನಡುವೆ ಅದೇ ಹಾಡುಗಾರಿಕೆಯನ್ನು ಹೊಸದೆಂಬ ಹೆಸರಿನಲ್ಲಿ ತಂದು ನಿಲ್ಲಿಸಿದ್ದು ನನಗೆ ಬಹಳ ಖುಷಿ ಕೊಡುವ ಸಂಗತಿ. ಜಡಭರತರ ‘ಸತ್ತವರ ನೆರಳು’ ನಾಟಕವನ್ನು ಬೆನಕ ತಂಡಕ್ಕೆ ಅವರು ಕಟ್ಟಿಕೊಟ್ಟದ್ದು 1970ರ ದಶಕದಲ್ಲಿ. ಮಠದ ಒಳಜಗಳದ ಕಥೆಗೆ ಪುರಂದರದಾಸರ ಪದಗಳು. ಕಾರಂತರು ಹೋಗಿ ಇಪ್ಪತ್ತು ವರ್ಷದ ಮೇಲಾದರೂ ನಾಟಕ ಮತ್ತೆ ಮತ್ತೆ ಏಳುತ್ತದೆ. ನಾನು ಅದನ್ನು ಕಾಲೇಜಿನಲ್ಲಿದ್ದಾಗ ನೋಡಿದಾಗ ಹಾಡಿಗೆ ತಲೆದೂಗಿದ್ದೆ. ಎಷ್ಟೋ ವರ್ಷದ ಮೇಲೆ ಕಲಾಕ್ಷೇತ್ರದಲ್ಲಿ ನೋಡಿದೆ. ಅದೇ ಮಟ್ಟು, ಹೆಚ್ಚುಕಡಿಮೆ ಅದೇ ನಡೆ. ಆದರೆ ಹಿಂದೆ ಯಾರೂ ನಗದಿದ್ದ ಒಂದು ಮಾತಿಗೆ ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಆ ದಿನದ ಪೇಪರಿನಲ್ಲಿ ಯಾವುದೋ ಸ್ವಾಮಿಗಳ ಸುದ್ದಿ ಬಂದಿತ್ತು. ನಾಟಕದವರು ಏನೂ ಸೇರಿಸಿರಲಿಲ್ಲ. ಸೇರಿಸಿದವನು ಬೆಳಿಗ್ಗೆ ಪೇಪರ್ ಹಾಕುವ ಹುಡುಗ. ಮಾಸ್ಟರ್ ಹಿರಣ್ಣಯ್ಯನವರಿಗೆ ಈ ಗುಟ್ಟು ಗೊತ್ತಿತ್ತು. ಅವರ ‘ಲಂಚಾವತಾರ’ ಹಾಡಿನ ನಾಟಕವಲ್ಲ, ಇಲ್ಲಿಗೆ ಸಲ್ಲದು. ಆದರೂ ಸಾವಿರಾರು ಆಟ ಆಡಿ ಒಂದು ದಿನವೂ ಹಳೆಯ ಮಂತ್ರಿಯನ್ನು ಬೈಯದೆ ಆ ದಿನದ ಮಂತ್ರಿಯನ್ನೇ ಬೈದ ಮಹಾನುಭಾವರನ್ನು ನೆನೆಯದೆ ಮುಂದೆ ಹೋದರೆ ನಾಲಗೆ ಬಿದ್ದುಹೋಗುತ್ತದೆ.

ಇನ್ನು ಊಟದ ವಿಚಾರ. ‘ಒಕ್ಲಹೋಮಾ’ ಎಂಬುದು ಅಮೆರಿಕನ್ನರ ಸಂಗೀತ ನಾಟಕಗಳ ಮುತ್ತಜ್ಜ. 1943ರಲ್ಲಿ ಶುರುವಾಗಿ 2,212 ಆಟ ಕಂಡದ್ದು. ಅದನ್ನು 2019ರಲ್ಲಿ ನ್ಯೂಯಾರ್ಕಿನಲ್ಲಿ ಡೇನಿಯಲ್ ಫಿಷ್ ಎಂಬ ನಿರ್ದೇಶಕ ಹೊಸದಾಗಿ ಆಡಿಸಿದಾಗ, ಮಧ್ಯಂತರದಲ್ಲಿ ಪ್ರೇಕ್ಷಕರನ್ನೆಲ್ಲ ರಂಗದ ಮೇಲೇ ಕರೆದು, ಖಾರದ ಗೊಜ್ಜು, ಜೋಳದ ಬ್ರೆಡ್ಡು ಪುಕ್ಕಟೆಯಾಗಿ ಬಡಿಸಿದನಂತೆ. ವಿಮರ್ಶಕರು ಪ್ರೇಕ್ಷಕ ಮತ್ತು ರಂಗದ ನಡುವಿನ ಗೋಡೆ ಉರುಳಿತೆಂದು ಬರೆದರು. ಟೋನಿ ಪ್ರಶಸ್ತಿಯೂ ಬಂತು. ನಮ್ಮೂರಿನಲ್ಲಿ ಅಟ್ಟದ ಹಿಂದೆಯೇ ಉಪ್ಪಿಟ್ಟಿನ ಬಾಂಡಲಿ ಇರುತ್ತಿತ್ತು, ಭೀಮನೇ ಸೌಟು ಹಿಡಿದು ಬಡಿಸಿದ್ದುಂಟು. ಆ ಗೋಡೆಯನ್ನು ನಾವು ಕಟ್ಟಿಯೇ ಇರಲಿಲ್ಲವಾದ್ದರಿಂದ ಉರುಳಿಸಿದ ಕೀರ್ತಿ ತಪ್ಪಿಹೋಯಿತು. ಇಂಥದೇ ಇನ್ನೊಂದು ‘ಮಲೆಗಳಲ್ಲಿ ಮದುಮಗಳು’. ಕುವೆಂಪು ಕಾದಂಬರಿಯನ್ನು 2010ರಲ್ಲಿ ಮೈಸೂರಿನ ರಂಗಾಯಣದ ಬಯಲಿನಲ್ಲಿ ಸಿ. ಬಸವಲಿಂಗಯ್ಯನವರು ಹಂಸಲೇಖ ಅವರ ಸಂಗೀತದೊಡನೆ ರಾತ್ರಿಯಿಡೀ ಆಡಿಸಿದರು. ಪ್ರೇಕ್ಷಕರೇ ಚಾಪೆ, ಶಾಲು ಹೊತ್ತು ಒಂದು ರಂಗದಿಂದ ಇನ್ನೊಂದಕ್ಕೆ ನಡೆಯಬೇಕು. ಆಮೇಲೆ ಬೆಂಗಳೂರಿನ ಕಲಾಗ್ರಾಮಕ್ಕೂ ಬಂತು. ಪೇಟೆಯವರು ಬೆಳಗಿನವರೆಗೆ ನಾಟಕ ನೋಡುವುದೆಂದರೆ ಎಂಥ ಹೊಸ ಅನುಭವವೆಂದು ಬೆರಗಾಗುತ್ತಿದ್ದರು. ನನ್ನ ಪಕ್ಕದಲ್ಲಿ ಶಾಲು ಹೊದ್ದು ಕೂತಿದ್ದ ಹಳ್ಳಿಯ ಹಿರಿಯರೊಬ್ಬರು ಮೂರನೇ ಜಾವಕ್ಕೆ ಸರಿಯಾಗಿ ನಿದ್ದೆ ಮಾಡಿ, ಹಾಡು ಬಂದಾಗ ತಾನಾಗಿ ಎದ್ದು, ಹಾಡು ಮುಗಿದೊಡನೆ ಮತ್ತೆ ಮಲಗಿದರು. ಅದು ಅಭ್ಯಾಸಬಲ.

ಆದರೆ ಪೇಟೆಯವರು ರಾತ್ರಿಯ ನಾಟಕಕ್ಕೆ ಬಂದ ಹೊತ್ತಿಗೆ ಹಳ್ಳಿಯವರು ರಾತ್ರಿಯನ್ನೇ ಬಿಟ್ಟುಕೊಟ್ಟಿದ್ದಾರೆ. ರಾತ್ರಿ 10ರ ಮೇಲೆ ಧ್ವನಿವರ್ಧಕ ಕೂಡದೆಂಬುದು 2000ದ ನಿಯಮ. ಹಾಗಾಗಿ ಈಗ ಎಷ್ಟೋ ಊರಿನ ತಂಡಗಳು ಬಸ್ಸು ಮಾಡಿಕೊಂಡು ಪಟ್ಟಣಕ್ಕೆ ಬಂದು, ಮೈಸೂರಿನ ಕಲಾಮಂದಿರದಲ್ಲೋ ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲೋ ಹಾಡುಹಗಲೇ ಕುರುಕ್ಷೇತ್ರ ಮುಗಿಸಿಕೊಂಡು ಹೋಗುತ್ತವೆ. ಮಹಾಭಾರತಕ್ಕೆ ಇಂಥ ಹೊಸ ವ್ಯಾಖ್ಯಾನವನ್ನು ಯಾವ ನಿರ್ದೇಶಕನೂ ಕೊಟ್ಟಿರಲಿಲ್ಲ, ಪೊಲೀಸ್ ಇಲಾಖೆ ಕೊಟ್ಟಿತು. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಸಂಧಾನ, ಮಧ್ಯಾಹ್ನದ ಬಿಸಿಲಿಗೆ ಅಭಿಮನ್ಯು ವಧೆ, ಕೊನೆಯ ಬಸ್ಸಿನೊಳಗೆ ಊರುಭಂಗ. ಚಾಪೆ ಹಾಸಲು ಜಾಗವಿಲ್ಲ. ಕುರ್ಚಿಗಳನ್ನು ನೆಲಕ್ಕೆ ಮೊಳೆ ಹೊಡೆದಿದ್ದಾರೆ. ಅಜ್ಜಿಯರು ಆ ಕುರ್ಚಿಗಳಲ್ಲಿ ಕಾಲು ಮಡಿಸಿ ಕೂತಿರುತ್ತಾರೆ, ತಪಾಸಣೆ ಮಾತ್ರ ಸಡಿಲವಾಗಿಲ್ಲ.

ಕಳೆದ ಸಲ ತುಮಕೂರಿನಲ್ಲಿ ಅಂಥದೊಂದು ನಾಟಕಕ್ಕೆ ಹೋಗಿದ್ದವನು ಊಟದ ಬಿಡುವಿನಲ್ಲಿ ಹತ್ತಿರದ ಹೋಟೆಲಿಗೆ ನುಗ್ಗಿದೆ. ಎದುರಿನ ಟೇಬಲ್ಲಿನಲ್ಲಿ ಪಾಂಡವರು ಮುದ್ದೆ ಮುರಿಯುತ್ತಿದ್ದರು. ಕಿರೀಟಗಳು ನೀರಿನ ಜಗ್ಗಿನ ಪಕ್ಕದಲ್ಲಿ ಸಾಲಾಗಿದ್ದವು. ಮುಖಕ್ಕೆ ರಂಗು, ಕೊರಳಿಗೆ ಮಣಿಹಾರ, ಸೊಂಟಕ್ಕೆ ಮೊಬೈಲ್ ಸಿಕ್ಕಿಸಿಕೊಂಡಿದ್ದ ಎರಡನೇ ದುರ್ಯೋಧನ, ಇನ್ನರ್ಧ ಗಂಟೆಯಲ್ಲಿ ಅವನ ಸೀನು, ಮೀಸೆಯ ಅಂಟು ಬಿಡದಂತೆ ಒಂದು ಕೈಯಲ್ಲಿ ಒತ್ತಿಹಿಡಿದು ಇನ್ನೊಂದು ಕೈಯಲ್ಲಿ ಮೊಸರನ್ನ ತಿನ್ನುತ್ತಿದ್ದ. ಗದೆಯನ್ನು ಬೆಂಚಿಗೆ ಒರಗಿಸಿದ್ದ. ಕೈ ತೊಳೆದು ಬಂದು ಗಲ್ಲಾದ ಮುಂದೆ ನಿಂತಾಗ ಗಲ್ಲಾದವರು ಕನ್ನಡಕ ಮೇಲೇರಿಸಿ ಅವನನ್ನು ಅಡಿಯಿಂದ ಮುಡಿವರೆಗೂ ನೋಡಿದರು.

“ಬೆಳಿಗ್ಗೆ ನೀವೇ ಏನ್ ಸಾರ್ ದುರ್ಯೋಧನ?”

“ಅಲ್ಲ ಸ್ವಾಮಿ, ಅದು ಒಂದನೇಯವ್ನು. ನಂದು ಊಟ ಆದ್ಮೇಲಿಂದ.”

“ಅವ್ರು ಎರಡು ಪ್ಲೇಟ್ ಇಡ್ಲಿ, ಒಂದು ಕಾಫಿ ತಗೊಂಡು ದುರ್ಯೋಧನನ ಲೆಕ್ಕಕ್ಕೆ ಬರ್ಕಳಿ ಅಂದ್ರು. ಇದ್ರಲ್ಲೇ ಸೇರಿಸ್ಲಾ?”